ಒತ್ತದ ಕೀ

ಕೀ ತಣ್ಣಗಿದೆ, ಈ ಮನೆಯ ಮೆಟ್ಟಿಲ ಕಿಟಕಿಯ ಬಿಸಿಲು ಕೀಲಿಮಣೆಯ ಅರ್ಧಕ್ಕೆ ಬಂದು ನಿಂತಿದೆ, ಎಡಗೈ ಬೆಚ್ಚಗೆ, ಬಲಗೈ ತಣ್ಣಗೆ, ಒಂದೇ ಮೈಯಲ್ಲಿ ಎರಡು ಋತು — ಮುಂದೆ, ಎಂದು ಒಳಗಿನಿಂದ ಅಣ್ಣ, ಅವಳು ಮುಂದಿನದನ್ನು ಒತ್ತಿದಳು. ಆರ್ಗನ್ನಿನ ಹೊಟ್ಟೆಯೊಳಗೆ, ತವರದ ಕೊಳವೆಗಳ ನಡುವೆ, ಹಲಗೆಯ ಮೇಲೆ ಅಣ್ಣ ಕುಕ್ಕರಗಾಲಲ್ಲಿ ಕೂತಿದ್ದಾನೆ, ಅವನಿಗೆ ಇವಳು ಕಾಣುವುದಿಲ್ಲ, ಇವಳಿಗೆ ಅವನು ಕಾಣುವುದಿಲ್ಲ, ಇವಳು ಒತ್ತಿ ಹಿಡಿಯಬೇಕು, ಕೊಳವೆ ಕೂಗಬೇಕು, ಅವನು ಅದರ ತುದಿ ತಟ್ಟಿ ಶ್ರುತಿಗೆ ತಂದು ಮುಂದೆ ಅನ್ನಬೇಕು, ಹತ್ತೊಂಬತ್ತು ವರ್ಷದಿಂದ ಇಷ್ಟೇ, ಎಷ್ಟು ಮನೆ, ಎಷ್ಟು ಸಭಾಂಗಣ, ಇಷ್ಟೆಲ್ಲ ಆರ್ಗನ್ ನೋಡಿದ್ದೀವಿ ಅಂತ ಜಂಭ ಕೊಚ್ಕೋಬೇಡ ಕಣೇ, ನಾವು ನೋಡಿರೋದು ಅವುಗಳ ಕರುಳು ಮಾತ್ರ, ಅಂದಿದ್ದ ಒಮ್ಮೆ. ಆ ಹಲ್ಲಿನ ಡಾಕ್ಟರ ಮನೆ, ಜಾಗ ಸಾಲದೆ ದಪ್ಪ ಕೊಳವೆಗಳನ್ನು ಅಡುಗೆಮನೆಯಲ್ಲಿ ನಿಲ್ಲಿಸಿದ್ದರು, ಮಂದ್ರ ಒತ್ತಿದರೆ ತಟ್ಟೆಗಳು ಗಡಗಡ, ಸವತಿ ಬಂದಿದ್ರೂ ಇಷ್ಟು ಜಾಗ ಕೇಳ್ತಿರಲಿಲ್ಲಮ್ಮ ಎಂದು ಅವರ ಹೆಂಡತಿ — ಮುಂದೆ — ಪುರಸಭೆಯ ಆರ್ಗನ್ನಿನಲ್ಲಿ ಮುಂದಿನ ಸಾಲಿನ ಚಿನ್ನದ ಬಣ್ಣದ ಕೊಳವೆಗಳಿಗೆ ಗಾಳಿಯೇ ಹೋಗುವುದಿಲ್ಲ, ಬರೀ ಅಲಂಕಾರ, ಜನ ಬೆರಗಾಗಿ ನೋಡುವುದು ಅವನ್ನೇ. ನಾಳೆ ದೊಡ್ಡ ಸಂಗೀತ ಭವನ, ಮೂರು ಸಾವಿರ ಕೊಳವೆ, ಆ ಒಂದು ಕೆಲಸಕ್ಕೆ ಅಣ್ಣ ಜನ್ಮವಿಡೀ ಕಾದ, ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡಿದ್ದಾನೆ, ಒಳಗೆ ಧೂಳಲ್ಲಿ ತೆವಳುವವನಿಗೆ ಇಸ್ತ್ರಿ ಯಾಕೋ, ಭಾನುವಾರ ಕಛೇರಿ, ಭವನ ತುಂಬ ಜನ, ಅವರೆಲ್ಲರಿಗೂ ಕಿವಿಗಳಿರುತ್ತವೆ. ಹೋದ ತಿಂಗಳು ಆ ಶಾಲೆಯಲ್ಲಿ, ಪೆನ್ಸಿಲ್ಲಿನಷ್ಟು ಸಣ್ಣ ಕೊಳವೆಗಳು, ತಾರಸ್ವರ, ಎರಡನ್ನು ಕೂಡಿಸಿದರೆ ಗಾಜು ನಡುಗಿದ ಹಾಗೆ, ಅಣ್ಣಾ ಇನ್ನೂ ನಡುಗ್ತಿದೆ, ಶ್ರುತಿ ಸೇರಿಲ್ಲ ಅಂದಿದ್ದಳು, ಅವನು ನಕ್ಕ, ಒಳಗಿರೋನದ್ದು ಕಿವಿ, ಹೊರಗಿರೋಳದ್ದು ಬೆರಳು, ತಿಳೀತಾ ಗುಬ್ಬಿ, ಇವಳು ತನ್ನ ಕಿವಿಗೇ ಏನೋ ಆಗಿದೆ ಎಂದುಕೊಂಡು ಮನೆಗೆ ಬಂದು ಎಣ್ಣೆ ಬಿಟ್ಟುಕೊಂಡಳು, ಪೆದ್ದಿ — ಮುಂದೆ, ಎಂದ ಅಣ್ಣ.

ಮುಂದೆ? ಅವಳು ಬೆರಳು ನೋಡಿಕೊಂಡಳು. ಬೆರಳು ಬಲತುದಿಯ ತಾರಸ್ವರದ ಕೀಯ ಮೇಲಿತ್ತು, ಕೀಯನ್ನು ಮುಟ್ಟಿರಲಿಲ್ಲ. ಯೋಚನೆಯಲ್ಲಿ ಒತ್ತುವುದನ್ನೇ ಮರೆತಿದ್ದಳು. ಒಳಗೆ ಟಕ್ ಟಕ್ ಟಕ್ ಎಂದು ಮೂರು ಸಲ ತಟ್ಟಿದ್ದು ಮಾತ್ರ ಕೇಳಿತ್ತು, ಕೂಗದ ಕೊಳವೆಯನ್ನು ತಟ್ಟಿ ಅವನು ಸರಿಮಾಡಿದ್ದ. ಇಲ್ಲ, ಕೊಳವೆಗಳಿಗೆ ಊದುವ ಗಾಳಿಯಂತ್ರದ ಗುಂಯ್‌ಗುಡುವಿಕೆಯಲ್ಲಿ ಹಾಗಾಗಿರಬೇಕು, ಅವನಿಗೂ ಮನಸ್ಸು ಎಲ್ಲೋ ಹೋಗಿರಬೇಕು, ಮನುಷ್ಯನಲ್ಲವೇ, ಅವಳು ಬೆರಳನ್ನು ಮುಂದಿನ ಕೀಯ ಮೇಲೆ ತಂದಳು, ಈ ಸಲ ಬೇಕೆಂದೇ ಒತ್ತಲಿಲ್ಲ, ಛೀ, ಸ್ವಂತ ಅಣ್ಣನಿಗೆ ಪರೀಕ್ಷೆ, ಟಕ್, ತೊದಲು ಮಾತಿಗಿಂತ ಮೊದಲು ಸ್ವರ ಕಲಿಸಿದವನಿಗೆ, ಟಕ್, ಬೇಡ ಒತ್ತಿಬಿಡು, ಟಕ್. ಮುಂದೆ. ಹಾಗಾದರೆ ಕಿವಿಯಲ್ಲ, ಲೆಕ್ಕ, ಕೊಳವೆಗೆ ಮೂರು ಪೆಟ್ಟು, ಅಷ್ಟರಲ್ಲಿ ಸರಿಹೋಗಿರುತ್ತದೆ ಎಂಬ ಅಂದಾಜು, ಎಷ್ಟು ತಿಂಗಳಿಂದ ಈ ಅಂದಾಜು, ಬೆರಳಿನ ಕೆಳಗೆ ಕೂದಲೆಳೆಯಷ್ಟು ಜಾಗ, ಆ ಜಾಗದಲ್ಲಿ ನಾಳೆಯ ಮೂರು ಸಾವಿರ ಕೊಳವೆಯೂ ಹಿಡಿಸಿಬಿಟ್ಟಿವೆ. ಮೆಟ್ಟಿಲ ಮೇಲೆ ಪೇಪರ್ ಓದುತ್ತಿದ್ದ ಮನೆಯೊಡತಿ ತಲೆಯೆತ್ತಿದರು, ಯಾಕಮ್ಮ ಶಬ್ದ ನಿಂತೋಯ್ತು, ಕೆಟ್ಟಿದೆಯಾ? ಆರ್ಗನ್ ಚೆನ್ನಾಗಿದೆ ಅಮ್ಮ, ಅಂದಳು, ಅದು ನಿಜ, ಪೂರ್ತಿ ನಿಜ. ಹೇಳದಿದ್ದರೆ ಭಾನುವಾರ ಊರೆಲ್ಲ ಹೇಳುತ್ತದೆ, ಹೇಳಿದರೆ ಇವತ್ತು ಇವಳೊಬ್ಬಳೇ, ಅವನು ಒಳಗೆ ಕತ್ತಲೆಯಲ್ಲಿ ಇರುವಾಗಲೇ ಹೇಳುವುದು ವಾಸಿಯೋ, ಅವನ ಮುಖ ಕಾಣುವುದಿಲ್ಲ, ಇವಳದ್ದೂ. ಒಳಗೆ ಮತ್ತೆ ಟಕ್, ಟಕ್.

ಅಣ್ಣಾ, ನಾನು ಒತ್ತಿಲ್ಲ.

ತಟ್ಟುವುದು ನಿಂತಿತು. ಗಾಳಿಯಂತ್ರ ಉಸಿರಾಡುತ್ತಲೇ ಇತ್ತು. ಅಣ್ಣನ ದನಿ, ಎಷ್ಟು ಕೀಯಿಂದ? ಮೂರು, ಅನ್ನಬಹುದು, ಅದೂ ನಿಜ, ಆದರೆ ಶಾಲೆಯ ಆ ನಡುಗು, ಅದಕ್ಕೂ ಮುಂಚಿನವು, ಬೆರಳು ಹಾಗೇ ಇತ್ತು, ಬೆರಳು, ಅದರ ಕೆಳಗೆ ಕೂದಲೆಳೆಯಷ್ಟು ಜಾಗ, ಅದರ ಕೆಳಗೆ ಬಿಳೀ ಕೀ.