ಬಲಗಡೆಯ ಹೂವು

ಜರ್ಮನ್ ಭಾಷೆ ಕಟ್ಟಿದವನು ಮಹಾ ಜಿಪುಣನಿರಬೇಕು. ಬೀಟನ್ ಎಂದರೆ ಕೊಡಲು ಕೈ ನೀಡುವುದು, ಬಿಟ್ಟನ್ ಎಂದರೆ ಕೇಳಿಕೊಳ್ಳುವುದು, ಬೇಟನ್ ಎಂದರೆ ಪ್ರಾರ್ಥಿಸುವುದು. ಮೂರಕ್ಕೂ ಒಂದೇ ತಾನಿನ ಬಟ್ಟೆ ಹೊಲಿಸಿದ್ದಾನೆ. ಕಿವಿಗೇನೋ ಬೇರೆ ಬೇರೆಯಾಗಿಯೇ ಕೇಳಿಸುತ್ತವೆ. ಅವಸರದಲ್ಲಿ ನಾಲಗೆಗೆ ಬರುವುದು ಮಾತ್ರ ಬೇಡದ್ದೇ. ಆನ್‌ಲೈನ್ ಕ್ಲಾಸಿನ ಅಭ್ಯಾಸದ ಸಂಭಾಷಣೆಯಲ್ಲಿ ಡಾಕ್ಟರನ್ನು 'ಸ್ವಲ್ಪ ಬನ್ನಿ' ಎಂದು ಕೇಳಿಕೊಳ್ಳುವ ಬದಲು ಪ್ರಾರ್ಥನೆಯನ್ನೇ ಮಾಡಿಬಿಟ್ಟೆ.

"ಮಧುಶ್ರೀ, ಡಾಕ್ಟರ್ ದೇವರಲ್ಲ" ಎಂದರು ಟೀಚರ್. ಚಾಮರಾಜನಗರದಲ್ಲಿ ನರ್ಸಾಗಿ ದುಡಿದ ನನಗೆ ಅದು ಗೊತ್ತಿಲ್ಲವೇ!

ಈ ಭಾಷೆಯ ಪರೀಕ್ಷೆ ಪಾಸಾದರೆ ಜರ್ಮನಿಯ ಆಸ್ಪತ್ರೆಯಲ್ಲಿ ಕೆಲಸ. ಒಮ್ಮೆ ಫೇಲಾಗಿದ್ದೆ, ಇನ್ನೊಮ್ಮೆ ಫೇಲಾದರೆ ಅವರು ಕಾಯುವುದಿಲ್ಲ.

ಗಡಿಯಾಚೆಯ ನಮ್ಮೂರು ಗೆಟ್ಟವಾಡಿಯ ಹೊಲದಲ್ಲಿ ಚೆಂಡುಹೂವು ಬಿಡಿಸುತ್ತ ಅವ್ವನೇ ನನ್ನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. "ಬೇಟನ್ ಅಂದ್ರೆ?" ಎನ್ನುವಳು. ನಾನು ತಡವರಿಸಿದರೆ, "ದ್ಯಾವ್ರ ಬೇಡ್ಕಳದು ಕಣವ್ವ. ನಂಗೇ ಬಂತು, ನಿಂಗ್ ಬರ್ನಿಲ್ವಲ್ಲ!" ಎಂದು ನಗುವಳು.

ಪರೀಕ್ಷೆಯ ಹಿಂದಿನ ದಿನ ಅವಳು ಮಾದಪ್ಪನ ಗುಡಿಗೆ ಹೂ ಕೇಳಲು ಹೋದಳು. ಪೂಜಾರಿ ದೇವರ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾರೆ. ಮನಸ್ಸಿನಲ್ಲಿ ಬೇಡಿಕೊಂಡು ಕೂರಬೇಕು. ಬಲಗಡೆಯದು ಉದುರಿದರೆ ಆಗುತ್ತದೆ, ಎಡಗಡೆಯದು ಉದುರಿದರೆ ಇಲ್ಲ. ಬೇಡಿಕೊಂಡದ್ದನ್ನು ಯಾರಿಗೂ ಹೇಳುವ ಹಾಗಿಲ್ಲ.

ಸಂಜೆ ಅಂಗಡಿಯ ಹತ್ತಿರ ಸಿಕ್ಕ ಪೂಜಾರಿ ಗುರುಸ್ವಾಮಿ, "ಬಲಗಡೆನೇ ಕೊಟ್ಟ ಕಣವ್ವ, ಇನ್ನೇನು!" ಎಂದರು. ನಾನು ಕುಣಿಯುತ್ತ ಮನೆಗೆ ಬಂದರೆ ಅವ್ವ ಒಲೆಯ ಮುಂದೆ ಅಳುತ್ತ ಕೂತಿದ್ದಳು.

"ಯಾಕವ್ವ? ಬಲಗಡೆ ಆಯ್ತಂತಲ್ಲ?"

"ಅದಕ್ಕೇ ಅಳ್ತಾವ್ನಿ. ನೀ ಪಾಸಾಗದು ಬ್ಯಾಡ ಅಂತ ನಾನೇ ಕೇಳ್ಕಂಡಿದ್ದಿ. ಕೊಟ್ಬುಟ್ಟ."

ಮೈಯೆಲ್ಲ ಉರಿದುಹೋಯಿತು. "ಮತ್ಯಾಕೆ ದಿನಾ ಪಾಠ ಒಪ್ಪಿಸ್ಕಂಡೆ?"

"ಅದೂ ನಾನೇ, ಇದೂ ನಾನೇ ಕಣ್ಮಗ" ಎಂದಳು ಅವ್ವ. ಮುದ್ದೆ ತಟ್ಟೆಯಲ್ಲೇ ಆರಿತು. ಅಪ್ಪ ಇಬ್ಬರ ಮುಖವನ್ನೂ ನೋಡಿ ಎದ್ದುಹೋದರು.

ಬೆಳಿಗ್ಗೆ ಬ್ಯಾಗ್ ಹಿಡಿದು ಹೊರಟೆ. ಅವ್ವನನ್ನು ಹುಡುಕಲೂ ಇಲ್ಲ. ಬಸ್ ನಿಲ್ಲುವುದು ಗುಡಿಯ ಎದುರಿಗೇ. ನೋಡಿದರೆ ಅವ್ವ ನನಗಿಂತ ಮೊದಲೇ ಮಿಂದು, ವಿಭೂತಿ ಧರಿಸಿ, ಒಳಗೆ ನಿಂತಿದ್ದಾಳೆ. ಬೊಗಸೆಯಲ್ಲಿ ನಿನ್ನೆ ಬಲಗಡೆಯಿಂದ ಉದುರಿದ ಹೂವು, ಬಾಡಿದೆ.

"ದ್ಯಾವ್ರು ಕೊಟ್ಟದ್ದ ಯಾರಾರ ವಾಪಸ್ ಕೊಟ್ಟಾರವ್ವ?" ಎಂದು ಗುರುಸ್ವಾಮಿ ಹಿಂದೆ ಸರಿದರು.

"ನಾ ಕೇಳಬಾರದ್ದ ಕೇಳ್ದಿ, ಕೊಟ್ಟ. ನಂಗ್ ಬ್ಯಾಡ. ಅಲ್ಲೇ ಮಡ್ಗಿ ಬುದ್ದಿ."

ಅವರು ತೆಗೆದುಕೊಳ್ಳಲಿಲ್ಲ. ಅವ್ವ ನೀಡಿದ ಕೈಯನ್ನು ಇಳಿಸಲೂ ಇಲ್ಲ. ಆ ಮೂರು ಜರ್ಮನ್ ಪದಗಳನ್ನೂ ಒಬ್ಬಳೇ ಹೆಂಗಸು ಒಂದೇ ಬೊಗಸೆಯಲ್ಲಿ ಹಿಡಿದು ನಿಂತಿದ್ದಳು. ನನ್ನ ಸಿಟ್ಟೆಲ್ಲ ಕರಗಿತು. ಕೊನೆಗೆ ಗುರುಸ್ವಾಮಿ ಎರಡು ಬೆರಳಲ್ಲಿ ಹೂವೆತ್ತಿ ಮಾದಪ್ಪನ ಪಾದದಲ್ಲಿಟ್ಟರು.

ಪರೀಕ್ಷೆಗೆ ಹೋಗಲು ನಾನು ಹಿಡಿಯಬೇಕಿದ್ದ ಸತ್ಯಮಂಗಲದ ಬಸ್ಸು ಬಂತು, ಹತ್ತಿ ಕೂತೆ. ಅವ್ವ ಓಡಿಬಂದು ಕಿಟಕಿಯಲ್ಲಿ ನನ್ನ ಕೈ ಹಿಡಿದಳು.

"ಪಾಸಾಗ್ಬುಡು ಕಣವ್ವ. ಇದೊಂದ್ಸಲ ಮಾದಪ್ಪನ ಮಾತು ಸುಳ್ಳಾಗ್ಲಿ."