ಮತ್ತೆ ತೋರಿಸ್ತೆ

ಪ್ರಿಂಟಿಂಗ್ ಪ್ರೆಸ್ಸಿಗೆ ಬಂದ ಹೊಸ ಕಂಪ್ಯೂಟರಿನ ಪರದೆಯ ತುಂಬ ಬಣ್ಣಬಣ್ಣದ ಚೌಕಗಳು ಬಂದು ನಿಂತವು. ಜಲಜ ಅಭ್ಯಾಸಬಲದಿಂದ ಮೌಸನ್ನು ಎಡಗಡೆಯ ಕೆಳಮೂಲೆಗೆ ಒಯ್ದಳು. ಸ್ಟಾರ್ಟ್ ಬಟನ್ ಅಲ್ಲಿರಲಿಲ್ಲ. ಯಾವುದೋ ಒಂದು ಚೌಕ ಒತ್ತಿದರೆ ಹವಾಮಾನದ ಚಿತ್ರವೊಂದು ಪರದೆಯನ್ನೆಲ್ಲ ಆವರಿಸಿತು. ಅದನ್ನು ಮುಚ್ಚಲು ಮೂಲೆಯಲ್ಲಿ ಗುಣಿಸುವ ಚಿಹ್ನೆಯೂ ಇಲ್ಲ.

"ಹೆಣೆ ದಿವ್ಯಾ, ನಮ್ಮ ಹಳೇ ಸ್ಕ್ರೀನ್ ಎಲ್ಲಿತ್ತ್? ಇದೆಂತ, ದೊಡ್ಡ ಮೊಬೈಲ್ ಕಂಡಂಗೆ ಇತ್ತಲೆ!"

ಯಡ್ತರೆಯಿಂದ ಬಂದ ಗಿರಾಕಿಯೊಬ್ಬರು ಮಗಳ ಮದುವೆ ಕಾಗದದ ಪ್ರೂಫಿಗಾಗಿ ಕಾಯುತ್ತಿದ್ದರು. ಪ್ರೆಸ್ಸಿನ ಮಾಲೀಕ ಪ್ರೇಮಾನಂದರು ಎರಡು ಸಲ ಗಡಿಯಾರ ನೋಡಿಯಾಗಿತ್ತು.

ದಿವ್ಯಾಳಿಗೆ ಗೊತ್ತಿತ್ತು. ಅಣ್ಣನ ಲ್ಯಾಪ್‌ಟಾಪಿನಲ್ಲಿ ಇದೇ ಸಿಸ್ಟಮ್. ಕೆಳಗಿನ ಸಾಲಿನಲ್ಲಿ 'ಡೆಸ್ಕ್‌ಟಾಪ್' ಎಂಬ ಒಂದು ಚೌಕ. ಅದನ್ನು ಒತ್ತಿದರೆ ಹಳೆಯ ಪರದೆ, ಹಳೆಯ ಫೋಲ್ಡರುಗಳು, ಕನ್ನಡ ಟೈಪಿಂಗ್ ಎಲ್ಲವೂ ಇದ್ದಲ್ಲೇ ಇರುತ್ತಿದ್ದವು. ಹೇಳಲು ಒಂದು ಮಾತು ಸಾಕಿತ್ತು.

ಆದರೆ ಅವಳು ಈ ಪ್ರೆಸ್ಸಿಗೆ ಸೇರಿ ಮೂರು ವರ್ಷವಾಗಿದ್ದರೂ ಬಂದವರೆಲ್ಲ ಮೊದಲು ಕೇಳುತ್ತಿದ್ದುದು "ಜಲಜಕ್ಕ ಇಲ್ಯಾ?" ಎಂದೇ.

"ಅದ್ ಸುಮಾರ್ ಕಷ್ಟ ಇತ್ತ್ ಜಲಜಕ್ಕ. ಈಗ ಆತಿಲ್ಲೆ, ಮತ್ತೆ ತೋರಿಸ್ತೆ," ಎಂದಳು ದಿವ್ಯಾ.

"ಹಾಂಗಾರೆ ನೀನೇ ಕೂಕೊ ದಿವ್ಯಾ," ಎಂದರು ಪ್ರೇಮಾನಂದರು. ಇಪ್ಪತ್ತೆರಡು ವರ್ಷ ಕೂತ ಕುರ್ಚಿಯಿಂದ ಜಲಜ ಎದ್ದಳು. ಅವಳು ಚಾ ತರಲು ಹೋದಾಗ ದಿವ್ಯಾ ಆ ಚೌಕ ಒತ್ತಿದಳು.

ಅದಾದ ಮೇಲೆ ಜಲಜ ಮೂರು ಸಲ ಕೇಳಿದಳು. ಮೂರು ಸಲವೂ ದಿವ್ಯಾ "ಮತ್ತೆ ತೋರಿಸ್ತೆ" ಎಂದೇ ಹೇಳಿದಳು. ನಾಲ್ಕನೆಯ ಸಲ ಜಲಜ ಕೇಳಲಿಲ್ಲ. ಕಾಗದ ಮಡಚುವ, ಲಕೋಟೆಗೆ ಅಂಟು ಹಚ್ಚುವ ಕೆಲಸಕ್ಕೆ ಕೂತಳು. ತಿಂಗಳು ಕಳೆದ ಮೇಲೆ, ಕಣ್ಣು ಸರಿ ಕಾಣುವುದಿಲ್ಲ ಎಂದು ಹೇಳಿ ಕೆಲಸ ಬಿಟ್ಟಳು. ಪ್ರೇಮಾನಂದರು ದಿವ್ಯಾಳ ಸಂಬಳ ಹೆಚ್ಚಿಸಿದರು.

ಒತ್ತಕ್ಷರ ಟೈಪ್ ಮಾಡುವಾಗಲೆಲ್ಲ ದಿವ್ಯಾಳ ಬೆರಳು ತಡೆಯುತ್ತಿತ್ತು. ಯಾವ ಕೀಲಿಯ ಮೇಲೆ ಯಾವ ಬೆರಳು ಎಂದು ಕೈ ಹಿಡಿದು ಕಲಿಸಿದವಳು ಜಲಜ. ಎರಡು ತಿಂಗಳು ಹೇಗೋ ತಳ್ಳಿ, ಒಂದು ಭಾನುವಾರ ಅವಳು ಜಲಜಳ ಊರಾದ ಕೋಡಿಯ ಬಸ್ಸು ಹತ್ತಿದಳು.

ಜಲಜ ಜಗಲಿಯ ಮೇಲೆ ಕೂತು ಸಿಗಡಿ ಸುಲಿಯುತ್ತಿದ್ದಳು. ಅದು ಪಕ್ಕದ ಮನೆಯವರ ಹೋಟೆಲಿಗೆ, ಕೂಲಿಯ ಕೆಲಸ. ಬೆರಳ ತುದಿಗಳು ಬಿಳುಚಿ ಸುಕ್ಕುಗಟ್ಟಿದ್ದವು.

"ಓ, ದಿವ್ಯಾನಾ? ಬಾ, ಕೂಕೊ. ಪ್ರೆಸ್ ಹ್ಯಾಂಗಿತ್ತ್?"

ದಿವ್ಯಾ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು. ಆ ಚೌಕ, ಅದು ಇದ್ದ ಜಾಗ, ತಾನು ಅದನ್ನು ಒತ್ತಿದ ಹೊತ್ತು.

ಜಲಜಳ ಕೈ ನಿಂತಿತು. "ಒಂದೇ ಸಲ ಒತ್ತುದಾ?"

"ಹೌದ್ ಜಲಜಕ್ಕ."

"ನಾ ಎಣಿಸ್ಕಂಡದ್ದೇ ಬೇರೆ. ನನ್ ತಲೆಯೇ ಮುಗೀತ್ ಅಂದೇಳಿ. ಮನೇಲ್ ಫೋನ್ ಮುಟ್ಟುಕೂ ಹೆದ್ರಿಕೆ ಆತಿತ್ತ್." ಅವಳು ಕೈಲಿದ್ದ ಸಿಗಡಿಯನ್ನು ಪಕ್ಕದ ಬುಟ್ಟಿಗೆ ಹಾಕಿದಳು. "ಹಾಂಗಾರೆ ಆ ಕೆಲ್ಸ ನಂಗೆ ಬತ್ತಿತ್ತಲೆ?"

"ಬತ್ತಿತ್ತ್. ತಪ್ಪಾಯ್ತ್ ಜಲಜಕ್ಕ. ನಾಳೆ ಬನಿ, ನಾನೇ ತೋರಿಸ್ತೆ."

"ಪ್ರೇಮಾನಂದರಿಗೆ ಹೇಳಿದ್ಯಾ ಇದನ್ನ?"

ದಿವ್ಯಾ ಅಂಗಳದ ಮರಳು ನೋಡಿದಳು. "ಇಲ್ಲೆ."

ಜಲಜ ಬುಟ್ಟಿಗೆ ಕೈ ಹಾಕಿದಳು. ಮತ್ತೆ ಸುಲಿಯತೊಡಗಿದಳು. ದಿವ್ಯಾ ಚಪ್ಪಲಿ ಬಿಟ್ಟು ಜಗಲಿಯ ಅಂಚಿಗೆ ಕೂತು, ಒಂದು ಸಿಗಡಿ ಎತ್ತಿಕೊಳ್ಳಲು ಕೈ ಚಾಚಿದಳು.

ಜಲಜ ತಲೆಯೆತ್ತದೆ ಬುಟ್ಟಿಯನ್ನು ತನ್ನ ಇನ್ನೊಂದು ಬದಿಗೆ ಸರಿಸಿಕೊಂಡಳು.