ತಮ್ಮ ಮುಟ್ಟಬಾರದು

ಹಲ್ಲಿನವನಿಗೆ ತನ್ನ ಭಾವನ ಮೇಲೆ ಪ್ರೀತಿಯಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇತ್ತು, ಬೇಕಾದಷ್ಟಿತ್ತು. ಭಾವ ಸೋತು ಮುಖ ಸಪ್ಪೆ ಮಾಡಿಕೊಂಡು ಕೂತಾಗಲೆಲ್ಲ ಅದು ಉಕ್ಕಿ ಬರುತ್ತಿತ್ತು. ತೊಂದರೆಯೆಂದರೆ, ಭಾವ ಸೋಲುತ್ತಿದ್ದದ್ದೇ ಅಪರೂಪ.

ಹಲ್ಲಿನವನೆಂದರೆ ಹಲ್ಲು ಕೀಳುವ ಡಾಕ್ಟರಲ್ಲ. ಕಿತ್ತ ಜಾಗಕ್ಕೆ ಸೆಟ್ ಮಾಡಿಕೊಡುವವನು. ಕಿಟಕಿಯ ಪಕ್ಕ ಒಂದು ಮೇಜು, ಮೇಜಿನ ತುಂಬ ಯಾರ್ಯಾರದೋ ದವಡೆಗಳ ಅಚ್ಚು, ಮೊಳೆಗೆ ನೇತುಹಾಕಿದ ಬಣ್ಣದ ಪಟ್ಟಿ. ಆ ಪಟ್ಟಿಯಲ್ಲಿ ಹಾಲುಬಿಳುಪಿನಿಂದ ಹಿಡಿದು ಹೊಗೆ ಕುಡಿದ ಹಳದಿಯವರೆಗೆ ಹದಿನಾರು ಮಾದರಿ ಹಲ್ಲು. ಎದುರಿಗೆ ಯಾರು ಬಾಯಿ ಬಿಟ್ಟರೂ ಅವನಿಗೆ ಮೊದಲು ಹೊಳೆಯುತ್ತಿದ್ದದ್ದು ಅವರ ನಂಬರು. ಭಾವನದು ಹನ್ನೆರಡು. ಹೆಂಡತಿಯದು ಒಂಬತ್ತು, ಅದನ್ನು ಅವಳಿಗೆ ಹೇಳುವ ಧೈರ್ಯ ಮೂವತ್ತು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಭಾನುವಾರ ಬೆಳಗ್ಗೆ ಮಾತ್ರ ಅವನು ಹಲ್ಲು ಮರೆಯುತ್ತಿದ್ದ. ಬೈಂಡಿಂಗ್ ಅಂಗಡಿಯ ಮಹಡಿಯ ಮೇಲೆ ಹಳೆಯ ಕಂಪ್ಯೂಟರ್‌ಗಳ ಹುಚ್ಚು ಹಿಡಿದ ಏಳು ಜನ ಸೇರುತ್ತಿದ್ದರು. ಈಗಿನ ಕಂಪ್ಯೂಟರ್ ಅಲ್ಲ ಸ್ವಾಮಿ, ನಲವತ್ತು ವರ್ಷದ ಹಿಂದಿನವು. ಕೀಲಿಗಳ ಪೆಟ್ಟಿಗೆಯೊಳಗೇ ಇಡೀ ಯಂತ್ರ. ಅದನ್ನು ಟಿವಿಗೆ ಸಿಕ್ಕಿಸಬೇಕು, ಕ್ಯಾಸೆಟ್ ಹಾಕಬೇಕು, ಐದು ನಿಮಿಷ ಅದರ ಕೀಂಯ್ ಕೀಂಯ್ ಕೇಳಬೇಕು, ಆಮೇಲೆ ಪರದೆಯ ಮೇಲೆ ಒಂದು ಚೌಕ ಇನ್ನೊಂದು ಚೌಕವನ್ನು ಅಟ್ಟಿಸಿಕೊಂಡು ಹೋಗುವುದನ್ನು ನೋಡಿ ಆನಂದಪಡಬೇಕು. ಹೆಂಡಿರು ಮಕ್ಕಳು ತಲೆ ಚಚ್ಚಿಕೊಂಡು ಸುಮ್ಮನಾಗಿದ್ದರು.

ಆ ಕಾಲದ ಬಿಳಿ ಪ್ಲಾಸ್ಟಿಕ್ಕಿಗೆ ಒಂದು ರೋಗ: ಬಿಸಿಲು ಬೆಳಕಿಗೆ ವರ್ಷ ಕಳೆದಂತೆ ಹಳದಿಯಾಗುತ್ತದೆ. ಈ ಏಳು ಜನ ಎರಡು ಪಕ್ಷವಾಗಿದ್ದದ್ದು ಅದರ ಮೇಲೆಯೇ. ಪೆರಾಕ್ಸೈಡ್ ಕ್ರೀಮ್ ಸವರಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಬಿಸಿಲಿಗಿಟ್ಟು ಹೊಸದರಂತೆ ಬೆಳ್ಳಗೆ ಮಾಡಬೇಕೆನ್ನುವವರದು ಬಿಳಿ ಪಕ್ಷ. ಅದಕ್ಕೆ ಹಲ್ಲಿನವನೇ ನಾಯಕ. ವಯಸ್ಸಾದದ್ದು ವಯಸ್ಸಾದ ಹಾಗೇ ಕಾಣಲಿ ಎನ್ನುವವರದು ಹಳದಿ ಪಕ್ಷ. ಅದಕ್ಕೆ ಭಾವ. ಟೈಪಿಂಗ್ ಕಲಿಸಿ ನಿವೃತ್ತನಾದ ಮನುಷ್ಯ, ಬೆರಳು ಸುಮ್ಮನಿದ್ದರೂ ತೊಡೆಯ ಮೇಲೆ ಏನಾದರೂ ಹೊಡೆಯುತ್ತಲೇ ಇರುತ್ತಿದ್ದ.

"ನೀನು ಕಂಪ್ಯೂಟರಿಗೂ ಹಲ್ಲಿನ ಸೆಟ್ ಹಾಕ್ತೀಯ ಕಣೋ," ಎನ್ನುತ್ತಿದ್ದ ಭಾವ.

"ನೀವು ಹಲ್ಲು ತಿಕ್ಕದೆ ಇರೋದನ್ನೇ ದೊಡ್ಡ ಸಿದ್ಧಾಂತ ಮಾಡಿದ್ದೀರ ಭಾವ."

ವರ್ಷಕ್ಕೊಮ್ಮೆ ಪೆಟ್ಟಿಗೆಗಳನ್ನೆಲ್ಲ ಕಿಟಕಿಯ ಕೆಳಗೆ ಸಾಲಾಗಿಟ್ಟು ಕೈ ಎತ್ತಿ ಆರಿಸುತ್ತಿದ್ದರು. ಗೆದ್ದವನಿಗೆ ಹಲಗೆಗೆ ಬಡಿದ ಬೆಸುಗೆ ಹಾಕುವ ಒಂದು ಸುಟ್ಟ ಸೋಲ್ಡರಿಂಗ್ ಕಡ್ಡಿ ಬಹುಮಾನ. ಒಂಬತ್ತು ವರ್ಷದಲ್ಲಿ ಏಳು ಸಲ ಆ ದರಿದ್ರ ಕಡ್ಡಿ ಭಾವನ ಮನೆಗೇ ಹೋಗಿತ್ತು. ಅದೂ ಯಾವ ಪೆಟ್ಟಿಗೆಯಿಂದ? ಹಲ್ಲಿನವನ ಅಪ್ಪ ಮಕ್ಕಳಿಬ್ಬರಿಗೂ ಸೇರಿ ಕೊಡಿಸಿದ್ದ ಪೆಟ್ಟಿಗೆಯಿಂದ! ಅಕ್ಕ ಮದುವೆಯಾಗಿ ಹೋಗುವಾಗ ಅದನ್ನು ಬಟ್ಟೆಗಳ ನಡುವೆ ಇಟ್ಟು ಒಯ್ದಳು. ಅವನಿಗಾಗ ಹದಿನೇಳು. ಬೀದಿಯ ಕೊನೆಯವರೆಗೆ ಅವಳ ಗಾಡಿಯ ಹಿಂದೆ ಓಡಿದ್ದ. ಎಲ್ಲರೂ ಅಕ್ಕನ ಮೇಲೆ ಎಷ್ಟು ಪ್ರಾಣ ನೋಡಿ ಎಂದರು. ಆಮೇಲೆ ಅವನು ಅಂಥ ಹನ್ನೊಂದು ಪೆಟ್ಟಿಗೆ ಕೊಂಡ. ಹನ್ನೊಂದೂ ಸೇರಿ ಆ ಒಂದಕ್ಕೆ ಸಮವಾಗಲಿಲ್ಲ. ಅಕ್ಕ ತೀರಿಹೋಗಿ ಐದು ವರ್ಷವಾಗಿತ್ತು; ಅವಳಿಗಾಗಿ ಅವನು ಅತ್ತದ್ದುಂಟು, ಆದರೆ ಪೆಟ್ಟಿಗೆಯ ವಿಷಯದಲ್ಲಿ ಅವಳನ್ನು ಕ್ಷಮಿಸಿರಲಿಲ್ಲ.

ಈ ವರ್ಷ ಭಾವನ ಎರಡೂ ಕಣ್ಣಿನ ಪೊರೆ ಆಪರೇಷನ್ನಿಗೆ ಬಂತು. ಮೊದಲು ಬಲಗಣ್ಣು, ಒಂದು ತಿಂಗಳು ಬಿಟ್ಟು ಎಡಗಣ್ಣು ಎಂದರು ಡಾಕ್ಟರು. ಅದೇ ಸಮಯಕ್ಕೆ ಪೆಟ್ಟಿಗೆಯೂ ಕೆಟ್ಟಿತು. ಒಳಗೆ ಕೆಪಾಸಿಟರ್ ಎಂಬ ಪುಟ್ಟ ಬಿಡಿಭಾಗವೊಂದು ಊದಿಕೊಂಡಿತ್ತು. ಭಾವ ಅದನ್ನು ಟವೆಲಿನಲ್ಲಿ ಸುತ್ತಿ ಭಾವಮೈದುನನ ಮೇಜಿನ ಮೇಲೆ ತಂದಿಟ್ಟ.

"ಕೆಪಾಸಿಟರ್ ಹಾಕು, ಅಷ್ಟೇ. ಒರೆಸೋದು ತೊಳೆಯೋದು ಏನೂ ಬೇಡ. ಹಿಂದ್ಗಡೆ ಅಂತೂ ಬೆರಳೂ ಇಡ್ಬೇಡ. ಅಲ್ಲಿ ನಿಮ್ಮಕ್ಕ ಬರೆದಿದ್ದಿದೆ. ಎರಡು ವರ್ಷ ಆಯ್ತು ಕಣೋ ನಾನದನ್ನ ಸರಿಯಾಗಿ ನೋಡಿ. ದಿನಾ ಬೆಳಗ್ಗೆ ಓದಿ ನಗ್ತಿದ್ದೆ. ಕಣ್ಣು ಸರಿ ಹೋದ್ಮೇಲೆ ಮೊದಲು ಅದನ್ನೇ ಓದ್ಬೇಕು."

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ಭಾವ?"

"ಇಲ್ಲ," ಎಂದು ಭಾವ ಜೋರಾಗಿ ನಕ್ಕ. ನಂಬಿಕೆ ಇದ್ದದ್ದಕ್ಕೇ ತಾನೆ ತಂದಿಟ್ಟದ್ದು!

ಕೆಪಾಸಿಟರ್ ಬದಲಾಯಿಸಲು ಅರ್ಧ ಗಂಟೆ ಸಾಕಾಯಿತು. ಆಮೇಲೆ ಹಲ್ಲಿನವನು ಪೆಟ್ಟಿಗೆಯ ಖಾಲಿ ಪ್ಲಾಸ್ಟಿಕ್ ಹೊದಿಕೆಯನ್ನು ಕೈಯಲ್ಲಿ ಹಿಡಿದು ನೋಡಿದ. ಬಣ್ಣದ ಪಟ್ಟಿಯಲ್ಲಿ ಹದಿನಾಲ್ಕು. ತಲೆಗೊಂದು ತಮಾಷೆ ಹೊಳೆಯಿತು: ಹಳದಿ ಪಕ್ಷದ ನಾಯಕ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿರುವಾಗ ಅವನ ಪೆಟ್ಟಿಗೆಯನ್ನೇ ಬಿಳಿ ಪಕ್ಷಕ್ಕೆ ಸೇರಿಸಿಬಿಟ್ಟರೆ? ಭಾನುವಾರ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಭಾವ ನಾಲ್ಕು ಬೈದು ತಾನೂ ನಗುತ್ತಾನೆ. ಹಿಂಭಾಗವನ್ನು ಮಾತ್ರ ಬಿಡೋಣ, ಪಾಪ, ಎಂದುಕೊಂಡು ಅಲ್ಲಿಗೆ ಕಾಗದ ಮುಚ್ಚಿ ಸುತ್ತಲೂ ಟೇಪ್ ಅಂಟಿಸಿದ. ಅಂಟಿಸಿದವನು, ಅಕ್ಕ ಏನು ಬರೆದಿದ್ದಾಳೋ ನೋಡೋಣವೆಂದು ಒಂದು ಮೂಲೆ ಎತ್ತಿದ.

ಬರೆದದ್ದಲ್ಲ ಅದು; ಅವನು ಎಂದೋ ಮರೆತುಬಿಟ್ಟಿದ್ದದ್ದು. ಹದಿಮೂರು ವರ್ಷದ ಅಕ್ಕ ಕೆಂಪು ಸ್ಟಿಕ್ಕರ್ ಹಾಳೆಯನ್ನು ಕತ್ತರಿಯಿಂದ ಅಕ್ಷರ ಅಕ್ಷರವಾಗಿ ಕತ್ತರಿಸಿ ಅಂಟಿಸಿದ್ದು. ಸ್ಟಿಕ್ಕರ್ ಯಾವ ಕಾಲಕ್ಕೋ ಒಣಗಿ ಉದುರಿತ್ತು. ಅದು ಮುಚ್ಚಿದ್ದ ಕಡೆ ಬೆಳಕು ಬೀಳದೆ ಪ್ಲಾಸ್ಟಿಕ್ ಬೆಳ್ಳಗೇ ಉಳಿದು, ಸುತ್ತಲಿನ ಹಳದಿಯಲ್ಲಿ ಅಕ್ಷರಗಳು ತಾವಾಗಿ ಮೂಡಿದ್ದವು: ತಮ್ಮ ಮುಟ್ಟಬಾರದು. ಟಕಾರದ ಒತ್ತು ಸೊಟ್ಟಗೆ ಜಾರಿ ಅಂಚಿನವರೆಗೆ ಬಂದಿತ್ತು.

ಐವತ್ತಮೂರು ವರ್ಷದ ಗಂಡಸಿಗೆ ಕೆನ್ನೆಗೆ ಬಾರಿಸಿದಂತಾಯಿತು. ದಿನಾ ಬೆಳಗ್ಗೆ ಓದಿ ನಗುತ್ತಿದ್ದನಂತೆ ಭಾವ! ಗಂಡಹೆಂಡತಿ ಇಬ್ಬರೂ ಸೇರಿ ಎಷ್ಟು ವರ್ಷ ನಕ್ಕಿರಬೇಡ! "ಮುಟ್ಟಬಾರದಾ? ಮುಟ್ಟಿದೆ ನೋಡು," ಎಂದು ಟೇಪನ್ನು ಪರ್ರನೆ ಕಿತ್ತ. ಕ್ರೀಮನ್ನು ಮೊದಲು ಸವರಿದ್ದೇ ಅಲ್ಲಿ.

ನಾಲ್ಕು ದಿನ ತಾರಸಿಯ ಮೇಲೆ ಒಳ್ಳೆಯ ಬಿಸಿಲಿತ್ತು. ಗಂಟೆಗೊಮ್ಮೆ ಹೋಗಿ ತಿರುಗಿಸಿಟ್ಟು ಬರುತ್ತಿದ್ದ. ಎರಡನೆಯ ದಿನ ಅಕ್ಷರಗಳು ಮಸುಕಾದವು. ಆಗಲೂ ತೊಳೆದುಬಿಡಬಹುದಿತ್ತು, ತೊಳೆಯಲಿಲ್ಲ. ನಾಲ್ಕನೆಯ ದಿನ ಹೊದಿಕೆ ಬಣ್ಣದ ಪಟ್ಟಿಯ ಒಂದನೇ ನಂಬರಿಗೆ ಬಂದಿತ್ತು, ಹಿಂಭಾಗವನ್ನು ಎಷ್ಟು ತಿರುಗಿಸಿ ನೋಡಿದರೂ ಒಂದೇ ಸಮನೆ ಬಿಳುಪು. ಬಟ್ಟೆ ಒಣಹಾಕಲು ಬಂದ ಹೆಂಡತಿ ಅದನ್ನು ನೋಡಿ ನಿಂತಳು.

"ಅದು ನಿಮ್ಮ ಭಾವನ ಪೆಟ್ಟಿಗೆ ಅಲ್ವೇನ್ರೀ?"

"ತಮಾಷೆಗೆ ಕಣೆ."

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಟ್ಟೆ ಕೊಡವಿದಳು.

ಸ್ಪರ್ಧೆಯ ಭಾನುವಾರ ಭಾವ ಕಪ್ಪು ಕನ್ನಡಕ ಹಾಕಿಕೊಂಡು, ಮೆಟ್ಟಿಲನ್ನು ಯಾರ ಆಸರೆಯೂ ಇಲ್ಲದೆ ಹತ್ತಿ ಬಂದ. ಮುಖ ಮದುವೆ ಗಂಡಿನದು. "ಎಲ್ಲಾ ಕಾಣ್ತಿದೆ ಕಣ್ರೋ! ಗೋಡೆ ಇಷ್ಟು ಬೆಳ್ಳಗಿತ್ತಾ? ಡಾಕ್ಟರಮ್ಮ ಹೇಳಿದ್ರು, ಇಷ್ಟು ದಿನ ಪೊರೆಯಲ್ಲೇ ಹಳದಿ ಇತ್ತಂತೆ, ನಾನು ಲೋಕಾನೇ ಹಳದಿ ಅಂದ್ಕೊಂಡಿದ್ದೆ!"

ಸಾಲಿನಲ್ಲಿ ಪೆಟ್ಟಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಬೆಳಗ್ಗೆಯೇ ಗುಟ್ಟು ಗೊತ್ತಾಗಿದ್ದ ಗೆಳೆಯರು ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದುಕೊಂಡಿದ್ದರು. ಅವರಲ್ಲೊಬ್ಬ, ಲಿಫ್ಟ್ ರಿಪೇರಿ ಮಾಡುವವನು, ಕಿಟಕಿಯ ಕಡೆ ತಿರುಗಿ ಭುಜ ಕುಣಿಸುತ್ತಿದ್ದ. ಭಾವ ಕನ್ನಡಕ ತೆಗೆದ. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದುಮುಂದಾಗಿ ತಿರುಗಿಸಿದ. ಬಗ್ಗಿ ನೋಡಿದ. ಬೆಳಕಿಗೆ ಓರೆ ಮಾಡಿದ. ಹೆಬ್ಬೆರಳಿನಿಂದ ಸವರಿದ.

"ಎಲ್ಲೋ ಅವಳು?" ಎಂದ ಸಣ್ಣ ದನಿಯಲ್ಲಿ.

ಯಾರೂ ನಗಲಿಲ್ಲ. ಹೇಳಬೇಕಾಗಿದ್ದ ಕ್ಷಣ ಅದೇ. ತಪ್ಪಾಯಿತು ಭಾವ, ಎರಡೇ ಮಾತು. ಅಷ್ಟು ಜನರ ಮುಂದೆ ಹಲ್ಲಿನವನ ನಾಲಿಗೆ ಹೊರಳಲಿಲ್ಲ. ಹೊರಳಿದಾಗ ಹೊರಟದ್ದು ಬೇರೆಯೇ.

"ಅಲ್ಲೇ ಇದೆಯಲ್ಲ ಭಾವ. ತಿಳಿಯಾಗಿದೆ ಅಷ್ಟೇ. ಪೆಟ್ಟಿಗೆ ಮೊದಲಿಂದಲೂ ಅಷ್ಟೇನೂ ಹಳದಿ ಇರ್ಲಿಲ್ಲ, ಹಳದಿ ನಿಮ್ಮ ಕಣ್ಣಲ್ಲಿತ್ತು. ಹೊಸ ಕಣ್ಣು, ಇನ್ನೂ ಪಳಗಬೇಕು."

"ನಿನಗೆ ಕಾಣ್ತಿದೆಯಾ?"

"ಕಾಣದೆ ಏನು? ತಮ್ಮ ಮುಟ್ಟಬಾರದು. ಒತ್ತು ಸೊಟ್ಟಗಿದೆ."

ಭಾವನ ಮುಖ ಅರಳಿತು. ಓದಿದ್ದಾನೆ ಎಂದರೆ ಇದ್ದೇ ಇರಬೇಕಲ್ಲ! ಲಿಫ್ಟ್ ರಿಪೇರಿಯವನು ಒಮ್ಮೆ ಹಲ್ಲಿನವನನ್ನು ನೋಡಿದ, ಆಮೇಲೆ ನೆಲ ನೋಡಿದ. ಆ ವರ್ಷದ ಕಡ್ಡಿ ಎಲ್ಲರೂ ಕೈ ಎತ್ತಿ ಭಾವನಿಗೇ ಕೊಟ್ಟರು. ಬೇರೇನೂ ಮಾಡಲಿಕ್ಕೆ ಅವರಿಗೆ ತೋಚಲಿಲ್ಲ.

ಭಾವ ದಿನಾ ಬೆಳಗ್ಗೆ ಫೋನ್ ಮಾಡತೊಡಗಿದ. ಇವತ್ತೂ ಕಾಣಲಿಲ್ಲ ಕಣೋ. ಪೇಪರಿನ ಸಣ್ಣಕ್ಷರ ಓದುತ್ತೇನೆ, ಔಷಧಿ ಚೀಟಿ ಓದುತ್ತೇನೆ, ಇದೊಂದೇ ಆಗುತ್ತಿಲ್ಲ. ಹಲ್ಲಿನವನು "ಪಳಗ್ಲಿ ಭಾವ" ಎನ್ನುತ್ತಿದ್ದ. ಹೆಂಡತಿ ಫೋನಿನ ಪಕ್ಕದಲ್ಲೇ ನಿಂತಿರುತ್ತಿದ್ದಳು.

"ಹೇಳಿಬಿಡ್ರೀ. ಬೈತಾರೆ, ಅಷ್ಟೇ ತಾನೆ?"

"ಇನ್ನೊಂದು ಕಣ್ಣೂ ಆಗ್ಲಿ. ಆಮೇಲೆ ಹೇಳ್ತೀನಿ."

ಮೂರನೆಯ ವಾರ ಭಾವ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು, ಭಾವಮೈದುನನನ್ನೂ ಎಳೆದುಕೊಂಡು ಕಣ್ಣಿನ ಡಾಕ್ಟರ ಬಳಿ ಹೋದ. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ತಡವರಿಸದೆ ಓದಿದ. "ನಿಮ್ಮ ಕಣ್ಣು ಬಂಗಾರದ ಹಾಗಿದೆ," ಎಂದರು ಡಾಕ್ಟರಮ್ಮ. ಭಾವ ಪೆಟ್ಟಿಗೆ ಬಿಚ್ಚಿ ಮುಂದಿಟ್ಟ. ಅವರು ಟಾರ್ಚ್ ಹಿಡಿದು ನೋಡಿದರು.

"ಇಲ್ಲಿ ಏನೂ ಇಲ್ವಲ್ಲ ಯಜಮಾನ್ರೇ."

"ಇದೆ ಡಾಕ್ಟರೇ. ಇವನಿಗೆ ಕಾಣುತ್ತೆ. ಇವನ ಕೆಲಸವೇ ಬಿಳಿ ಹಳದಿ ನೋಡೋದು, ಇವನ ಕಣ್ಣು ತಪ್ಪಲ್ಲ. ಹೇಳೋ."

ಡಾಕ್ಟರಮ್ಮ ಹಲ್ಲಿನವನ ಕಡೆ ತಿರುಗಿದರು. ಅವರ ಹಲ್ಲು ನಾಲ್ಕನೇ ನಂಬರು.

"ಕಾಣುತ್ತೆ," ಎಂದ.

ಡಾಕ್ಟರಮ್ಮ ಇಬ್ಬರನ್ನೂ ಒಮ್ಮೆ ನೋಡಿ ಕಣ್ಣಿನ ನರದ ಪರೀಕ್ಷೆಗೆ ಚೀಟಿ ಬರೆದರು. ಎಡಗಣ್ಣಿನ ಪೊರೆ ಬಲಿಯುತ್ತಿದೆ, ಅದನ್ನು ಮಾತ್ರ ತಡಮಾಡಬೇಡಿ ಎಂದು ಎರಡೆರಡು ಸಲ ಹೇಳಿದರು.

ಎಡಗಣ್ಣಿನ ಆಪರೇಷನ್ನಿನ ದಿನ ಬೆಳಗ್ಗೆ ಹಲ್ಲಿನವನು ಕಾರು ತೆಗೆದುಕೊಂಡು ಭಾವನ ಮನೆಗೆ ಹೋದ. ದಾರಿಯಲ್ಲೇ ಎಲ್ಲವನ್ನೂ ಹೇಳಿಬಿಡುತ್ತೇನೆಂದು ಹೆಂಡತಿಗೆ ಮಾತು ಕೊಟ್ಟು ಹೊರಟಿದ್ದ. ಭಾವ ಇನ್ನೂ ಸ್ನಾನವನ್ನೂ ಮಾಡಿರಲಿಲ್ಲ. ಕಿಟಕಿಯ ಹತ್ತಿರ, ಪೆಟ್ಟಿಗೆಯ ಹಿಂಭಾಗಕ್ಕೆ ಮುಖ ಕೊಟ್ಟು, ವಾಸಿಯಾದ ಬಲಗಣ್ಣನ್ನು ಅಂಗೈಯಿಂದ ಒತ್ತಿ ಮುಚ್ಚಿಕೊಂಡು ಕೂತಿದ್ದ.

"ಬಾರೋ, ಬಾ! ಸಿಕ್ಕಿದಳು ಕಣೋ!"

"ಏನು ಭಾವ?"

"ಹೊಸ ಕಣ್ಣೇ ದಂಡ. ಅದನ್ನ ಮುಚ್ಚಿ ಹಳೇ ಕಣ್ಣಲ್ಲಿ ನೋಡ್ದೆ. ಹಳದಿಗೆ ಹಳದಿನೂ ಬಂತು, ಮಸುಕು ಮಸುಕಾಗಿ ಅಕ್ಷರಾನೂ ಬಂತು. ಆಸ್ಪತ್ರೆಗೆ ಫೋನ್ ಮಾಡಿ ಬರಲ್ಲ ಅಂದ್ಬಿಟ್ಟೆ. ಇರೋ ಒಂದು ಒಳ್ಳೇ ಕಣ್ಣನ್ನೂ ಕೆಡಿಸ್ಕೊಳ್ಳೋಕೆ ನನಗೇನು ಹುಚ್ಚಾ?"

"ಬಿಟ್ರೆ ಆ ಕಣ್ಣು ಪೂರ್ತಿ ಹೋಗುತ್ತಂತೆ ಭಾವ."

"ಹೋಗೋವರೆಗೂ ಓದ್ತೀನಲ್ಲ, ಸಾಕು."

ಹಲ್ಲಿನವನು ಬಾಯಿ ತೆರೆದ. ಒಂದು ತಿಂಗಳ ಹಿಂದೆ ಹೇಳಿದ್ದರೆ ಬೈಗುಳಕ್ಕೆ ಮುಗಿಯುತ್ತಿತ್ತು. ಈಗ ಹೇಳಿದರೆ ಭಾವ ಮತ್ತೆ ಅವನ ಮುಖ ನೋಡುವುದಿಲ್ಲ. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡ. ಹೇಡಿ, ಶುದ್ಧ ಹೇಡಿ.

"ಕೈ ನೋಯುತ್ತೆ ಕಣೋ," ಎಂದ ಭಾವ. ಮೇಜಿನ ಮೇಲಿದ್ದ, ಆಸ್ಪತ್ರೆಯವರು ಕೊಟ್ಟಿದ್ದ ಕಣ್ಣುಪಟ್ಟಿಯನ್ನು ಎತ್ತಿ ಕೊಟ್ಟ. "ಇದನ್ನ ಈ ಕಣ್ಣಿಗೆ ಕಟ್ಟು."

ಹಲ್ಲಿನವನು ಹಿಂದೆ ನಿಂತು, ಪೇಪರಿನ ಸಣ್ಣಕ್ಷರ ಓದಬಲ್ಲ ಕಣ್ಣಿಗೆ ಪಟ್ಟಿ ಕಟ್ಟಿದ. ಭಾವ ಮುಂದಕ್ಕೆ ಬಾಗಿ ಬೆರಳಿಟ್ಟು ಓದಿದ, ಒಂದೊಂದೇ ಅಕ್ಷರವಾಗಿ. "ತ... ಮ್ಮ... ಮು... ಟ್ಟ... ಇಲ್ಲಿ ನೋಡು, ಒತ್ತು ಜಾರಿದೆ. ಸರಿ ತಾನೆ?"

ಒತ್ತು ಇದ್ದದ್ದು ಅಲ್ಲಿಂದ ಒಂದು ಗೇಣು ಆಚೆ.

"ಸರಿಯಾಗಿದೆ ಭಾವ."

"ಇನ್ನೂ ಸ್ವಲ್ಪ ಬಿಗಿ ಮಾಡೋ. ಬೆಳಕು ಬರ್ತಿದೆ."

ಹಲ್ಲಿನವನು ಗಂಟು ಬಿಚ್ಚಿ ಮತ್ತೆ ಬಿಗಿಯಾಗಿ ಹಾಕಿದ.